ಕಪ್ಪು ಚುಕ್ಕಿಯ ಎಲೆಗಳು

ಟೊಮೆಟೊ ಬೆಳೆಯುವ ಆ ಹಸಿರುಮನೆಯಲ್ಲಿ ಅವಳನ್ನು ಎಲ್ಲರೂ ಚೊಕ್ಕಮ್ಮ ಎಂದೇ ಕರೆಯುತ್ತಿದ್ದರು. ಅವಳ ಸಾಲಿನಲ್ಲಿ ಒಣಎಲೆ ಕಂಡರೆ ಅದು ಅವಳು ಮನೆಗೆ ಹೋದ ಮೇಲೆಯೇ ಉದುರಿದ್ದು. ಸೊಸೆಯೂ ಅಲ್ಲೇ ಕೆಲಸ ಮಾಡುತ್ತಿದ್ದಳು. ಎಲೆಯ ರಸ ಹೀರುವ ಬಿಳಿನೊಣಕ್ಕೆ ಔಷಧಿ ಹೊಡೆದಾಗಲೆಲ್ಲ ಅವಳಿಗೆ ಉಸಿರು ಕಟ್ಟುತ್ತಿತ್ತು, ಈಗಂತೂ ಬಸುರಿ.

ಹಾಗಾಗಿ ಮಾಲೀಕರು, "ಈ ಸಲ ಔಷಧಿ ಬೇಡ, ನೊಣ ಕೊಲ್ಲೋ ಕಣಜದ ಹುಳ ಬಿಡೋಣ. ನೊಣ ಇಳೀದಿದ್ರೆ ಮಾತ್ರ ಮತ್ತೆ ಔಷಧಿ ಪಂಪೇ ಗತಿ" ಎಂದಾಗ ಚೊಕ್ಕಮ್ಮ ಮನಸ್ಸಿನಲ್ಲೇ ಕೈಮುಗಿದಳು. ಆದರೆ ಮೇಸ್ತ್ರಿ ಗಿಡಗಳಿಗೆ ರಟ್ಟಿನ ತುಂಡು ನೇತುಹಾಕತೊಡಗಿದಾಗ ತಲೆಬುಡ ತಿಳಿಯಲಿಲ್ಲ.

"ಇದರಲ್ಲಿ ಕಣಜ ಎಲ್ಲಿದೆಯಣ್ಣಾ? ಬರೀ ಧೂಳು ಅಂಟಿದ ಹಾಗಿದೆ."

"ಅಷ್ಟೇ ಸಣ್ಣವು ಕಣಮ್ಮ. ಕಚ್ಚಲ್ಲ. ಬಿಳಿನೊಣದ ಮರಿಯೊಳಗೇ ಮೊಟ್ಟೆ ಇಡ್ತವೆ."

"ಒಬ್ಬಳ ಮನೆಗೆ ಇನ್ನೊಬ್ಬಳ ಮಕ್ಕಳು ನುಗ್ಗೋದಾ! ಹುಳ ಕೊಲ್ಲೋಕೆ ಹುಳ ಬಿಡೋದು ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಲ್ವಾ?"

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು" ಎಂದು ಮೇಸ್ತ್ರಿ ನಕ್ಕ.

ಕೆಲವು ವಾರಗಳಲ್ಲಿ ಕೆಳಗಿನ ಎಲೆಗಳ ಬೆನ್ನಿಗೆ ಕರಿ ಸಾಸಿವೆಗಿಂತಲೂ ಸಣ್ಣ ಚುಕ್ಕಿಗಳು ಮೂಡಿದವು. ಎಲಾ, ಇದೊಂದು ಹೊಸ ರೋಗ! ಕೆಳಎಲೆ ಕೀಳುವುದು ಹೇಗೂ ಅವಳದೇ ಕೆಲಸ. ಚುಕ್ಕಿ ಕಂಡ ಎಲೆಯನ್ನೆಲ್ಲ ಕಿತ್ತು, ಹೊರಗಿನ ಗುಂಡಿಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದಳು. ಅವಳು ಚೊಕ್ಕ ಮಾಡಿದಷ್ಟೂ ನೊಣ ಹೆಚ್ಚಿತು. ಗಿಡ ಅಲುಗಿದರೆ ಹಿಟ್ಟು ಹಾರಿದಂತೆ. ಮೇಸ್ತ್ರಿಗೂ ಏಕೆಂದು ಹೊಳೆಯಲಿಲ್ಲ. ಮಾಲೀಕರು, "ನಾಳೆ ಪಂಪ್ ತೊಳೆದಿಡಿ" ಎಂದರು. ಸೊಸೆ ಮುಖಕ್ಕೆ ಕಟ್ಟುವ ಬಟ್ಟೆ ಹುಡುಕಿದಳು.

ಚೊಕ್ಕಮ್ಮ ಒಂದು ಎಲೆ ಹಿಡಿದು ಮೇಸ್ತ್ರಿಯ ಎದುರು ನಿಂತಳು. "ನೊಣ ಸಾಲದು ಅಂತ ಈ ರೋಗ ಬೇರೆ! ಕಿತ್ತು ಕಿತ್ತು ಬೆರಳು ಸವೀತು."

ಮೇಸ್ತ್ರಿ ಭೂತಗನ್ನಡಿ ಹಿಡಿದು ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ ತಾಯಿ! ಇದು ರೋಗ ಅಲ್ಲ. ಕಣಜದ ಮರಿ ಒಳಗೆ ಸೇರಿದ ಮೇಲೆ ನೊಣದ ಮರಿ ಹೀಗೆ ಕಪ್ಪಾಗುತ್ತೆ. ಮಿಕ್ಕಿದ್ದೆಲ್ಲ ಎಲ್ಲಿ?"

"ಗುಂಡೀಲಿ... ಕಪ್ಪಾಗುತ್ತೆ ಅಂತ ನೀನು ಮೊದಲೇ ಹೇಳಿದ್ಯಾ?"

ಅವನು ಹೇಳಿರಲಿಲ್ಲ. ಭೂತಗನ್ನಡಿಯನ್ನು ಅವಳ ಕೈಗಿಟ್ಟ. ಒಂದು ಚುಕ್ಕಿಗೆ ದುಂಡನೆಯ ತೂತು ಬಿದ್ದಿತ್ತು. ಹಳದಿ ಹೊಟ್ಟೆಯ ಒಂದು ಪುಟ್ಟ ಕಣಜ ಅದರಿಂದ ಒದ್ದಾಡಿ ಹೊರಬರುತ್ತಿತ್ತು. ಇಷ್ಟು ದಿನ ಸೊಸೆಯ ಉಸಿರನ್ನು ತಾನೇ ಗುಂಡಿಗೆ ಹಾಕುತ್ತಿದ್ದೆನೇ?

ಅತ್ತೆ ಸೊಸೆ ಇಬ್ಬರೂ ಗುಂಡಿಯ ಹಾಳೆ ಸರಿಸಿದರು. ತಳದ ಎಲೆಗಳು ಕೊಳೆತಿದ್ದವು. ಮೇಲಿನವುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಗಿಡಗಳ ಬುಡದಲ್ಲಿ ಹರಡಿದರು. ಮಾಲೀಕರು ಬಂದು ಹೌಹಾರಿದರು. "ಚೊಕ್ಕಮ್ಮನ ಸಾಲಲ್ಲಿ ಕಸವಾ?"

"ಕಸ ಅಲ್ಲ ಸ್ವಾಮಿ... ಕಸಾನೇ, ಆದ್ರೆ ಗುಡಿಸೋ ಕಸ ಅಲ್ಲ" ಎಂದು ತೊದಲಿದಳು. ಮೇಸ್ತ್ರಿ ಉಳಿದುದನ್ನು ಬಿಡಿಸಿ ಹೇಳಿದ.

"ಸರಿ, ಈ ಎಲೆಗಳಿಂದ ಕಣಜ ಹೊರಡೋವರೆಗೂ ಕಾಯೋಣ" ಎಂದರು ಮಾಲೀಕರು. "ಪಂಪ್ ಮೂಲೇಲೇ ಇರ್ಲಿ."

ಸೊಸೆ ಹುಡುಕಿಟ್ಟಿದ್ದ ಮುಖದ ಬಟ್ಟೆಯನ್ನು ಮಡಚಿಟ್ಟಳು. ಚೊಕ್ಕಮ್ಮನ ಕೈ ಮಾತ್ರ ತಾನಾಗಿ ಪೊರಕೆಯತ್ತ ಹೋಯಿತು. ಅದನ್ನು ಬಾಗಿಲ ಹೊರಗಿಟ್ಟು ಕಣ್ಣು ಮುಚ್ಚಿದಳು. ದೇವರೇ, ನೊಣದ ಮರಿಯನ್ನೂ ನೀನೇ ಮಾಡಿದೆ, ಅದನ್ನು ತಿನ್ನುವುದನ್ನೂ ನೀನೇ ಮಾಡಿದೆ. ಯಾರನ್ನು ಕಾಪಾಡೆಂದು ಕೇಳಲಿ? ನನಗಂತೂ ತಿಳಿಯಲಿಲ್ಲ. ಬಸುರಿ ಹುಡುಗಿ ಒಬ್ಬಳಿದ್ದಾಳೆ, ಅವಳನ್ನು ನೋಡಿಕೋ.