ಅವ್ವನ ಬಲಗಣ್ಣು ಮಾತು ಕೇಳದ ದಿನಗಳು

ನಾನು ಎಂಟನೇ ತರಗತಿಯಲ್ಲಿದ್ದಾಗ ಅವ್ವನ ಬಲಗಣ್ಣು ಬಲಕ್ಕೆ ಹೊರಳುವುದನ್ನು ನಿಲ್ಲಿಸಿತು. ನಮ್ಮೂರು ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಏಳೆಂಟು ವರ್ಷವಾಗಿತ್ತು. ಅಪ್ಪ ಹನೂರಿನಲ್ಲಿ ಮೇಷ್ಟ್ರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದದ್ದು ಅವ್ವ ಮತ್ತು ನಾನು. ಹಿತ್ತಲ ಚಪ್ಪರದ ಕೆಳಗೆ ರೇಷ್ಮೆ ನೂಲು ತೆಗೆಯುವ ಚರಕವಿತ್ತು. ಅವ್ವ ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡುಗಳ ಎಳೆ ಹಿಡಿದು ಕೊಡುವಳು, ಸ್ಕೂಲಿಲ್ಲದ ಹೊತ್ತಿನಲ್ಲಿ ನಾನು ಚಕ್ರ ತಿರುಗಿಸುವೆ. ನೀರಿನಲ್ಲಿ ಕುಣಿಯುವ ಅಷ್ಟೊಂದು ಗೂಡುಗಳಲ್ಲಿ ಯಾವುದರ ಎಳೆ ಮುಗಿಯಿತು, ಯಾವುದು ಕಿತ್ತುಹೋಯಿತು ಎಂದು ಅವಳಿಗೆ ತಲೆ ಅಲುಗಿಸದೆ ಗೊತ್ತಾಗುತ್ತಿತ್ತು. ಕಣ್ಣು ಮಾತ್ರ ಸರ್ರನೆ ಅಲ್ಲಿಂದಿಲ್ಲಿಗೆ ಓಡಾಡುತ್ತಿತ್ತು. ಬೀದಿಯ ಹೆಂಗಸರು ಅವಳ ನೂಲು ನೋಡಿ ಬೆರಗಾಗುತ್ತಿದ್ದರು.

ಒಂದು ಬೆಳಿಗ್ಗೆ ಅವ್ವ ಗೂಡಿಗೆಂದು ಚಾಚಿದ ಬೆರಳು ಸೀದಾ ಸುಡುನೀರಿಗೆ ಹೋಯಿತು. ಬೆರಳು ಬಾಯಿಗಿಟ್ಟುಕೊಂಡು ಕೂತೇ ಇದ್ದಳು.

"ಗೂಡು ಎಲ್ಡೆಲ್ಡು ಕಾಣ್ತವೆ ಕಣ್ ಮಗ. ಬಾಣ್ಲೀನೂ ಎಲ್ಡು."

"ಅಪ್ಪ ಬಂದಾಗ ಅವ್ರಿಗೆ ಏಳವ್ವ."

"ಅವ್ರಿಗೆ ಏಳಬ್ಯಾಡ. ಚರ್ಕ ನಿಲ್ಸು ಅಂತಾರೆ."

ಮುಖವನ್ನು ಬಲಕ್ಕೆ ತಿರುಗಿಸಿ ಎಡಗಡೆಯ ಕಡೆಗಣ್ಣಲ್ಲಿ ನೋಡಿದರೆ ಎರಡು ಒಂದಾಗುತ್ತದೆ ಎಂಬುದನ್ನು ಅವಳೇ ಕಂಡುಕೊಂಡಳು. ಅಂದಿನಿಂದ ಎಲ್ಲರನ್ನೂ ಹಾಗೇ ನೋಡತೊಡಗಿದಳು. ಅದೇ ವಾರ ಅವಳ ಅಕ್ಕ, ನನ್ನ ದೊಡ್ಡವ್ವ, ಮಾಂಬಳ್ಳಿಯಿಂದ ಚೀಲದ ತುಂಬ ಅವರೆಕಾಯಿ ಹೊತ್ತು ಬಂದರು. ಮಗಳಿಗೆ ಗಂಡು ಗೊತ್ತಾದ ಸುದ್ದಿಯನ್ನು ತಂಗಿಗೇ ಮೊದಲು ಹೇಳಬೇಕೆಂದು ಬಂದವರು. ಅವರು ಹೇಳುತ್ತಿದ್ದಷ್ಟು ಹೊತ್ತೂ ಅವ್ವ ಮುಖ ಆಚೆಗಿಟ್ಟುಕೊಂಡೇ ಹ್ಞೂಂಗುಟ್ಟಿದಳು.

"ನನ್ ಮಗಳ ಮದ್ವೆ ಮಾತೆತ್ತುದ್ರೆ ಮೊಕ ತಿರಿಗಿಸ್ಕತೀಯಾ? ಅಷ್ಟು ಬ್ಯಾಡವಾದ್ನಾ? ಓಯ್ತೀನಿ ಬುಡು" ಎಂದು ದೊಡ್ಡವ್ವ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಅವ್ವ ತಡೆಯಲಿಲ್ಲ. ಅವರೆಕಾಯಿ ಸುಲಿಯುತ್ತಾ ಅಳುತ್ತಿದ್ದಳು.

ನನಗೆ ಅದನ್ನು ನೋಡಲಾಗಲಿಲ್ಲ. ಶನಿವಾರ ಬಸ್‌ಸ್ಟ್ಯಾಂಡಿಗೇ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಚರಕದ ಮಾತೇ ಎತ್ತಲಿಲ್ಲ. ಸೋಮವಾರ ರಜೆ ಹಾಕಿ ನಮ್ಮಿಬ್ಬರನ್ನೂ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮದರಾಸಿನ ಕಾಲದಿಂದ ಅಲ್ಲೇ ಉಳಿದಿದ್ದ ಮುದುಕರು ಅವರು, ಕನ್ನಡದಲ್ಲಿ ತಮಿಳಿನ ರಾಗ.

ಡಾಕ್ಟರು ಅವ್ವನ ಎಡಗಣ್ಣಿಗೆ ಕೈ ಅಡ್ಡ ಹಿಡಿದು, ಅವಳ ಬಲಗಡೆಗೆ ಪೆನ್ನೊಂದನ್ನು ಚಾಚಿ, "ಇಂಗೆ ಪಾರು ಅಮ್ಮ, ಇಲ್ಲಿ ನೋಡಿ, ತಲೆ ತಿರುಗಿಸಬೇಡಿ. ಬೇಗ ಇದನ್ನ ಮುಟ್ಟಿ" ಎಂದರು. ಅವ್ವನ ಕೈ ಪೆನ್ನನ್ನು ದಾಟಿ ಇನ್ನೂ ಬಲಕ್ಕೆ ಹೋಗಿ ಗಾಳಿಯನ್ನು ಹಿಡಿಯಿತು. ಮತ್ತೊಮ್ಮೆ ಹಿಡಿದರು. ಮತ್ತೆ ಆಚೆಗೇ.

ಆಗ ಅವ್ವ ನಮಗೂ ಹೇಳದಿದ್ದ ಮಾತನ್ನು ಹೇಳಿದಳು. "ಆ ಕಡೀಕ್ ನೋಡಕ್ಕೋದ್ರೆ ಗ್ವಾಡೆ ಓಡ್ತದೆ ಸಾ. ನಂಗೆ ಉಚ್ಚು ಇಡೀತಾ ಅದಾ?"

ಡಾಕ್ಟರು ನಗಲಿಲ್ಲ. ನನ್ನ ಕಡೆ ತಿರುಗಿ, "ನೀನು ಕಣ್ಣು ಅತ್ತಿತ್ತ ಹೊರಳಿಸಮ್ಮ. ಗೋಡೆ ಅಲುಗಿತಾ?" ಎಂದರು. ಇಲ್ಲವೆಂದೆ. "ಈಗ ಒಂದು ಕಣ್ಣು ಮುಚ್ಚು. ಇನ್ನೊಂದರ ರೆಪ್ಪೆಯ ಮೂಲೆಯನ್ನ ಬೆರಳಲ್ಲಿ ಮೆಲ್ಲಗೆ ಒತ್ತು." ಒತ್ತಿದೆ. ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು ಎಲ್ಲವೂ ತೇಲಿದಂತೆ ಜಾರಿದವು. ನಾನು ಕೂಗಿಯೇಬಿಟ್ಟೆ.

"ನೋಡಿ, ಇವಳಿಗೇನು ಹುಚ್ಚಾ? ಮೆದುಳು ಕಣ್ಣಿಗೆ 'ತಿರುಗು' ಅಂತ ಹೇಳುವಾಗ, ಹಾಗೆ ಹೇಳಿದೀನಿ ಅಂತ ತಾನೂ ನೆನಪಿಟ್ಟುಕೊಳ್ಳುತ್ತೆ. ಅದಕ್ಕೇ ಕಣ್ಣು ಹೊರಳಿದರೂ ನಮಗೆ ಗೋಡೆ ನಿಂತ ಹಾಗೇ ಕಾಣುತ್ತೆ. ಬೆರಳಿಂದ ತಳ್ಳಿದರೆ ಮೆದುಳಿಗೆ ಆ ಸುದ್ದಿ ಇರಲ್ಲ, ಗೋಡೆಯೇ ಅಲುಗಿತು ಅನ್ನಿಸುತ್ತೆ. ನಿಮ್ಮದು ಉಲ್ಟಾ ಅಮ್ಮ. ಮೆದುಳು ಹೇಳಿದೆ, ಕಣ್ಣು ತಿರುಗಿಲ್ಲ. ತಿರುಗಿತು ಅಂದ್ಕೊಂಡು ಎಲ್ಲವನ್ನೂ ಆಚೆಗೆ ಇಟ್ಟು ನೋಡ್ತಿದೆ, ಅದಕ್ಕೇ ಗೋಡೆ ಓಡುತ್ತೆ, ಕೈ ಪೆನ್ನು ದಾಟುತ್ತೆ."

ಆ ಕಣ್ಣನ್ನು ಹೊರಕ್ಕೆ ಎಳೆಯುವ ನರವೊಂದು ಸೋತಿದೆ, ಮೈಯಲ್ಲಿ ಸಕ್ಕರೆ ಹೆಚ್ಚಾಗಿದ್ದಕ್ಕೆ ಹೀಗಾಗಿರಬಹುದು, ಪಥ್ಯ ಮಾಡಿದರೆ ಕೆಲವು ತಿಂಗಳಲ್ಲಿ ಸರಿಹೋಗುವ ಸಂಭವವಿದೆ ಎಂದು ಹೇಳಿ ಬಲಗಣ್ಣಿಗೆ ಬಟ್ಟೆ ಕಟ್ಟಿ ಕಳಿಸಿದರು. ದಾರಿಯಲ್ಲಿ ಅವ್ವ, "ಉಚ್ಚಲ್ವಂತೆ" ಎಂದು ಎರಡು ಸಲ ಅಂದಳು. ಅಪ್ಪ ನಡುಬೀದಿಯಲ್ಲಿ ಅವಳ ಕೈ ಹಿಡಿದುಕೊಂಡು ನಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ಮರುವಾರ ಮಾಂಬಳ್ಳಿಗೆ ಹೋಗಿ ವಿಷಯ ತಿಳಿಸಿದರು. ಮಾರನೆಯ ದಿನವೇ ದೊಡ್ಡವ್ವ ಬಂದು, "ನಂಗೊಂದ್ ಮಾತು ಏಳಬಾರ್ದೇನೆ? ನಾನೇನು ಊರೋರಾ?" ಎಂದು ಬೈಯುತ್ತಲೇ ಅತ್ತರು. ಆಮೇಲೆ ಬಂದಾಗಲೆಲ್ಲ ಅವ್ವನ ಎಡಗಡೆಗೇ ಚಾಪೆ ಎಳೆದುಕೊಂಡು ಕೂರುತ್ತಿದ್ದರು.

ಚರಕ ನಿಲ್ಲಲಿಲ್ಲ. ಚಕ್ರಕ್ಕೆ ಪಕ್ಕದ ಮನೆಯಾಕೆ ಬಂದಳು, ನಾನು ಬಾಣಲೆಗೆ ಬಂದೆ. "ಒಂದೇ ಗೂಡ್ನ ದಿಟ್ಟಿಸ್ಬ್ಯಾಡ. ಕಣ್ಣಾಡುಸ್ತಾ ಇರು, ಕಿತ್ತೋದದ್ದು ಅದಾಗೇ ಕಾಣ್ತದೆ" ಎಂದು ಅವ್ವ ಒಂಟಿಗಣ್ಣಲ್ಲಿ ಕೂತು ಕಲಿಸಿದಳು. ನನ್ನ ನೂಲು ಗಂಟು ಗಂಟಾಗಿ ಬರುತ್ತಿತ್ತು. ಅವಳು ಒಂದು ದಿನವೂ ಗದರಲಿಲ್ಲ. ಆ ಬಿಸಿನೀರಿನ, ಬೆಂದ ಹುಳದ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಅವಳ ಭುಜ ನನ್ನ ಭುಜಕ್ಕೆ ತಾಗಿದ ಹಾಗಾಗುತ್ತದೆ.

ಬೇಸಿಗೆ ರಜೆಯಲ್ಲಿ ಹನೂರಿಗೆ ಹೊರಟೆವು. ಬಸ್ಸಿನಲ್ಲಿ ಅವ್ವ ಬಲಗಡೆಯ ಕಿಟಕಿಗೆ, ನಾನು ಅವಳ ಎದುರಿನ ಅಡ್ಡ ಸೀಟಿಗೆ. ಸೆಕೆಗೆ ಅವ್ವ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಹುಣಸೆಮರಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು. ಅವಳ ಕಣ್ಣು ಮರವೊಂದರ ಜೊತೆ ನಿಧಾನವಾಗಿ ಸರಿದು, ಥಟ್ಟನೆ ಮುಂದಕ್ಕೆ ನೆಗೆದು ಇನ್ನೊಂದು ಮರವನ್ನು ಹಿಡಿಯುತ್ತಿತ್ತು. ಒಂದಲ್ಲ, ಎರಡು ಕಣ್ಣೂ. ಒಟ್ಟೊಟ್ಟಿಗೆ.

"ಅವ್ವಾ, ನಿನ್ ಕಣ್ಣು ಕುಣೀತಾವೆ! ಎಲ್ಡೂ!"

"ಎಲ್ಲಿ ಕುಣೀತವೆ? ಸುಮ್ಕೆ ಮರ ನೋಡ್ತಾ ಕೂತಿವ್ನಿ" ಎಂದಳು. ಆಮೇಲೆ ಅವಳಿಗೆ ಹೊಳೆಯಿತು. "ಮರ ಒಂದೊಂದೇ ಅದೆ ಕಣ್ ಮಗ." ಸೆರಗು ಬಾಯಿಗಿಟ್ಟುಕೊಂಡು ಹನೂರು ಬರುವ ತನಕ ಕಿಟಕಿ ಬಿಟ್ಟು ಕದಲಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಯಳಂದೂರಿನಲ್ಲಿ ವಿಜ್ಞಾನದ ಟೀಚರಾದೆ. ಕಣ್ಣಿನ ಪಾಠ ಬಂದಾಗ ಹುಡುಗಿಯರಿಗೆ ಕನ್ನಡಿ ತರಲು ಹೇಳುತ್ತಿದ್ದೆ. ಕನ್ನಡಿಯಲ್ಲಿ ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ, ಕಣ್ಣು ಸರಿದದ್ದು ಕಂಡಿತೇ? ಯಾರಿಗೂ ಕಾಣುತ್ತಿರಲಿಲ್ಲ. ಪಕ್ಕದವಳಿಗೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕಣ್ಣು ನೆಗೆಯುವ ಆ ಚಣವನ್ನು ಮೆದುಳು ನಮಗೆ ತೋರಿಸುವುದೇ ಇಲ್ಲ ಎಂದರೆ ಕ್ಲಾಸಿಗೆ ಕ್ಲಾಸೇ ಗುಜುಗುಜು.

ಅವ್ವ ನನ್ನ ಮನೆಗೆ ಬಂದಿದ್ದಾಗ ಇದನ್ನು ಹೇಳಿದೆ. ಗೋಡೆಯ ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ಪ್ರಯತ್ನಿಸಿದಳು. "ನಂಗಂತೂ ಕಲ್ಲಂಗ್ ನಿಂತವೆ" ಎಂದು ಸೋತು, ಮಕ್ಕಳ ಹಾಗೆ ನನ್ನ ಕಡೆ ತಿರುಗಿ ಮುಖ ಎತ್ತಿದಳು. "ನೀನೇ ನೋಡ್ಬುಟ್ಟು ಏಳು."

ಅವಳ ಗಲ್ಲ ಹಿಡಿದುಕೊಂಡು ನೋಡಿ, ಎರಡೂ ಒಟ್ಟಿಗೇ ನೆಗೆಯುತ್ತಿವೆ ಎಂದು ಹೇಳಿದೆ.