ಆನೆಹುಣಸೆಗೆ ಕಟ್ಟಿದ ಗಂಟು

ಐನೂರು ಕುರಿಗಳ ನಡುವೆ ತನ್ನ ಮರಿ ಯಾವುದೆಂದು ದೂರದಿಂದಲೇ ಹೇಳಬಲ್ಲ ಕಲ್ಲೂರಿನ ಬಂಡೆಮ್ಮನಿಗೆ ತಾನೇ ಕಟ್ಟಿದ ಗಂಟಿನ ಗುರುತು ಸಿಗಲಿಲ್ಲ. ಇಂಥ ಪಜೀತಿ ಯಾರಿಗೂ ಬೇಡ.

ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿಲ್ಲದೆ ಕಂಗೆಟ್ಟು, ರಾಯಚೂರಿನ ಬಾಗಿನಲ್ಲಿ, ಅಂದರೆ ದೊಡ್ಡ ತೋಟದಲ್ಲಿದ್ದ, ಆನೆಯಂಥ ದಪ್ಪ ಬೊಡ್ಡೆಯ ಮುದಿ ಆನೆಹುಣಸೆ ಮರಕ್ಕೆ ಅವಳು ಹರಕೆ ಕಟ್ಟಿದ್ದಳು. ಹಸಿರು ಬಟ್ಟೆ, ಒಳಗೆ ಚಿಟಿಕೆ ಕುರಿ ಉಣ್ಣೆ. ಕೂಸು ಹುಟ್ಟಿದರೆ ಕಟ್ಟಿದ ಕೈಯೇ ಬಂದು ಬಿಚ್ಚಬೇಕು; ಆಮೇಲೆಯೇ ಸೋದರಮಾವ ಕೂಸಿನ ಹುಟ್ಟುಗೂದಲು ತೆಗೆಯಬೇಕು. ಮಗ ಯಂಕೋಬನಿಗೆ ಈಗ ಮೂರು ವರ್ಷ, ಜಡೆ ಬೆನ್ನಿಗೆ ಇಳಿದಿತ್ತು. ೧೯೪೪ರ ಯುಗಾದಿ ಮುಗಿದದ್ದೇ ತಮ್ಮ ಕನಕಪ್ಪನನ್ನು ಹೊರಡಿಸಿಕೊಂಡು ಬಂದಳು. ಅವನೋ, ಕುರಿ ಕತ್ತರಿಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ.

ಮರದ ತುಂಬ ಗಂಟು. ಬಿಸಿಲಿಗೆ ಎಲ್ಲದರ ಬಣ್ಣವೂ ಬೂದಿ. ಅವಳು ಕಟ್ಟಿದ್ದ ಟೊಂಗೆಯಂತೂ ಇರಲೇ ಇಲ್ಲ.

"ಅದು ಗಾಳಿಗೆ ಮುರದು ಬಿತ್ತು ಯವ್ವಾ," ಎಂದ ಮಾಲಿ ಗುಲಾಮ್ ದಸ್ತಗೀರ್. "ಬಿದ್ದ ಗಂಟೆಲ್ಲಾ ಆರಿಸಿ ಈಚಿ ಕಡಿ ನಾನ ಕಟ್ಟೀನಿ. ಮಂದಿ ಹರಕಿ, ಕಸದಾಗ ಹೆಂಗ ಹಾಕ್ಲಿ?"

"ಹಂಗಾದ್ರ ಬಿಚ್ಚೋರು ಯಾರು? ಮೊದಲ ಕಟ್ಟಿದ ನಾನೋ, ಈಗ ಕಟ್ಟಿದ ನೀವೋ?" ಎಂದಳು ಬಂಡೆಮ್ಮ.

ದಸ್ತಗೀರ್ ಗಡ್ಡ ಕೆರೆದುಕೊಂಡ.

"ಯಾವದಾರ ಒಂದು ಬಿಚ್ಚ ಯಕ್ಕಾ, ಹೊತ್ತಾಗಾಕತ್ತದ," ಎಂದು ಕನಕಪ್ಪ ಗೊಣಗಿದ.

ಬಂಡೆಮ್ಮ ಕಣ್ಣು ಮುಚ್ಚಿ ಒಂದನ್ನು ಬಿಚ್ಚಿದಳು. ಒಳಗೆ ಉಣ್ಣೆ ಇರಲಿಲ್ಲ; ಎರಡು ಹಸಿರು ಬಳೆಚೂರುಗಳಿದ್ದವು. ಅವಳು ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಯಾವ ಹೆಣ್ಮಗಳದೋ ಏನೋ! ಅಕಿಗಿ ಇನ್ನೂ ಕೂಸು ಆಗಿಲ್ಲಂದ್ರ?"

ತನ್ನ ಹರಕೆ ತೀರಲಿಲ್ಲ, ಇನ್ನೊಬ್ಬಳದು ಕೆಟ್ಟಿತು. ಯಾವುದಕ್ಕೆ ಮೊದಲು ಅಳಬೇಕೆಂದು ತಿಳಿಯದೆ ಬೊಡ್ಡೆಗೆ ಒರಗಿ ಕೂತಳು. ಆಮೇಲೆ ಮಗನನ್ನು ಎಳೆದು ತಮ್ಮನ ಮುಂದೆ ನಿಲ್ಲಿಸಿದಳು.

"ಒಂದ ಎಳಿ ಕತ್ತರಸು. ಉಳದದ್ದು ನನ್ನ ಗಂಟು ಸಿಕ್ಕ ಮ್ಯಾಲ."

ಆ ಎಳೆಯನ್ನು ಬಳೆಚೂರುಗಳ ಜೊತೆಗಿಟ್ಟು ಅದೇ ಬಟ್ಟೆಯಲ್ಲಿ ಮತ್ತೆ ಟೊಂಗೆಗೆ ಕಟ್ಟಿದಳು.

"ನಾ ಮಾಡಿದ್ದು ಸರಿನೋ ತಪ್ಪೋ, ಸಾಹೇಬ್ರ?"

"ನನಗೂ ತಿಳೀವಲ್ದು ಯವ್ವಾ."

ಬಾಗಿನ ಬಾಗಿಲತನಕ ಹೋದವಳು ತಿರುಗಿ ನಿಂತಳು.

"ಆ ಹೆಣ್ಮಗಳು ಬಂದ್ರ ಹೇಳ್ರಿ. ಇದ್ರಾಗ ನನ್ನ ಮಗನ ಹುಟ್ಟುಗೂದಲ ಅದ. ಅಕಿ ಹರಕಿ ಕೆಟ್ಟಿಲ್ಲ, ಇದು ಕೂಸು ಹುಟ್ಟಿದ ಗಂಟು ಅಂತ ಹೇಳ್ರಿ."