ಬ್ಯಾಟರಿಗೆ ಹಚ್ಚಿದ ವಿಭೂತಿ

ಆ ದಿನಗಳಲ್ಲಿ ಬೆಟಗೇರಿಯ ನಮ್ಮ ಓಣಿಯಲ್ಲಿ ಬೇಸಿಗೆಯೆಂದರೆ ಮಧ್ಯಾಹ್ನ ಕರೆಂಟು ಹೋಗುವ ಕಾಲ. ಉಂಡು ತಣ್ಣನೆಯ ನೆಲದ ಮೇಲೆ ಉರುಳಿಕೊಂಡರೆ ಸುತ್ತಲಿನ ಪವರ್‌ಲೂಮುಗಳ ಸದ್ದಿಗೆ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಥಟ್ಟನೆ ಎಲ್ಲವೂ ನಿಂತುಬಿಡುತ್ತಿದ್ದವು. ಆ ಮೌನದಲ್ಲಿ ನೂಲಿನ ಗಂಜಿಯ ವಾಸನೆ ದಟ್ಟವಾದಂತೆ ಅನಿಸುತ್ತಿತ್ತು. ಪಕ್ಕದ ಮಂಚದಿಂದ ಅಜ್ಜನ ಎದೆ ಸುಯ್ಗುಡುವುದು ಕೇಳುತ್ತಿತ್ತು. ನನಗೆ ಆ ಸದ್ದೆಂದರೆ ಹೆದರಿಕೆ.

ಆಯುಷ್ಯವೆಲ್ಲ ಮಗ್ಗದಲ್ಲಿ ಕೂತ ಅಜ್ಜನಿಗೆ ಉಬ್ಬಸ. ಔಷಧದ ಆವಿ ಕೊಡುವ ಪುಟ್ಟ ಯಂತ್ರವೊಂದಿತ್ತು. ಕರೆಂಟಿಲ್ಲದಾಗ ಅದು ನಡೆಯಲೆಂದೇ ಅಪ್ಪ ಇನ್ವರ್ಟರ್ ಹಾಕಿಸಿದ್ದ. ಆ ವರ್ಷ ಅದರ ಬ್ಯಾಟರಿಗಳು ಕೈಕೊಟ್ಟವು. ರಿಪೇರಿಯ ದಾವಲಕಾಕಾ ಎರಡು ಹೊಸ ಬ್ಯಾಟರಿ ತಂದಿಳಿಸಿದ.

ಸೈಕಲ್ಲಾಗಲಿ, ಮಿಕ್ಸರಾಗಲಿ, ಅಜ್ಜನ ಮೂರು ಬೆರಳಿನ ವಿಭೂತಿಯಿಂದ ತಪ್ಪಿಸಿಕೊಂಡ ವಸ್ತು ನಮ್ಮ ಮನೆಯಲ್ಲಿರಲಿಲ್ಲ. ನಾನು ಬಟ್ಟಲು ಹಿಡಿದೆ. ಅಜ್ಜ ನೀರಲ್ಲಿ ಕಲಸಿದ ವಿಭೂತಿಯನ್ನು ಬ್ಯಾಟರಿಗಳ ಮೇಲೆ ಎದ್ದು ನಿಂತಿದ್ದ ನಾಲ್ಕೂ ಸೀಸದ ತುದಿಗಳಿಗೆ ದಪ್ಪಗೆ ಬಳಿದು ಕೈಮುಗಿದ. ದಾವಲಕಾಕಾ ಕೈಯಲ್ಲಿದ್ದ ಅರಿವೆಯನ್ನು ಒಮ್ಮೆ ನೋಡಿ ಮತ್ತೆ ಹೆಗಲಿಗೆ ಹಾಕಿಕೊಂಡ. ವಿಭೂತಿಯ ಮೇಲೆಯೇ ವೈರು ಕೂಡಿಸಿ ಬೋಲ್ಟು ಬಿಗಿದ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಅಜ್ಜ ಆವಿಯ ಮುಖವಾಡ ಹಾಕಿಕೊಂಡ. ಯಂತ್ರ ಎರಡು ಸಲ ಗುರುಗುಟ್ಟಿ ಸುಮ್ಮನಾಯಿತು, ಇನ್ವರ್ಟರು ಕೂಗತೊಡಗಿತು. ಅವ್ವ ಗಾಬರಿಯಿಂದ ಫೋನು ಮಾಡಿದಳು.

ದಾವಲಕಾಕಾ ಓಡಿ ಬಂದು ಎಲ್ಲ ತಪಾಸಣೆ ಮಾಡಿದ. "ನೀರು ಬರೋಬ್ಬರಿ ಐತಿ, ಚಾರ್ಜೂ ಐತಿ. ಯಂತ್ರ ಹಚ್ಚಿದ ಕೂಡ್ಲೆ ಯಾಕ ಬಂದ್ ಬೀಳತೈತಿ?" ಮಂಚದ ಮೇಲೆ ಅಜ್ಜನ ಉಸಿರು ಗಿಡ್ಡವಾಗುತ್ತಿತ್ತು. ವೈರು ಕೂಡಿದಲ್ಲಿ ಬಿಳಿ ಪುಡಿ ಇಣುಕುವುದು ನನಗೆ ಕಂಡಿತು.

"ಕಾಕಾ, ಅಲ್ಲಿ ಅಜ್ಜನ ವಿಭೂತಿ ಐತ್ರಿ."

ಅವನ ಮುಖ ಸಣ್ಣದಾಯಿತು. "ಖರೆ ಯವ್ವಾ, ಅದ ಒಣಗಿ ಕರೆಂಟಿಗೆ ಅಡ್ಡ ನಿಂತೈತಿ. ಹಿರ್ಯಾರು ಹಚ್ಚಿದ್ದನ್ನ ನಾ ಹೆಂಗ ಒರಸ್ಲಿ ಅಂತ ನಿನ್ನೆ ಬಿಟ್ಟಿದ್ದೆ."

ಅಜ್ಜ ಮುಖವಾಡ ಸರಿಸಿದ. ಆ ಏದುಸಿರಿನಲ್ಲೂ ನಗು ಬಂದಿತ್ತು. "ನನ್ನ ಉಸಿರಿಗೆ ನಾನ ಅಡ್ಡ ಆದ್ನಲ್ಲೋ ದಾವಲಾ! ತಗೊ, ಜಲ್ದಿ ಒರಸು." ತನ್ನ ಹೆಗಲ ಮೇಲಿನ ವಲ್ಲಿಯನ್ನೇ ಚಾಚಿದ.

ಇನ್ವರ್ಟರ್ ಬಂದ್ ಮಾಡಿ, ಬೋಲ್ಟು ಬಿಚ್ಚಿ, ಸೀಸ ಹೊಳೆಯುವವರೆಗೆ ತಿಕ್ಕಿ, ಕಾಕಾ ಮತ್ತೆ ಬಿಗಿದ. ಯಂತ್ರ ಗುಂಯ್ ಎಂದಿತು. ಬಿಳಿ ಆವಿಯಲ್ಲಿ ಅಜ್ಜನ ಮುಖ ಮೆಲ್ಲಗೆ ಮಸುಕಾಯಿತು, ಎದೆಯ ಸದ್ದು ಇಳಿಯಿತು. ನನಗೆ ಅಳುವೇ ಬಂತು. ಸ್ವಲ್ಪ ಹೊತ್ತಿಗೆ ಎದ್ದು ಕೂತ ಅಜ್ಜ, "ಯವ್ವಾ, ಬಟ್ಟಲ ತಾ" ಎಂದ.

"ಬ್ಯಾಟರಿ ಹೊಟ್ಟಿ ಮ್ಯಾಲ ಹಚ್ರಿ ಯಜಮಾನ್ರ, ಅಲ್ಲಿ ಎಷ್ಟ ಹಚ್ಚಿದ್ರೂ ನಡೀತೈತಿ" ಎಂದು ಕಾಕಾ ನಕ್ಕ.

ಬ್ಯಾಟರಿಗಳ ಕರಿ ಹೊಟ್ಟೆಯ ಮೇಲೆ ಮೂರು ಮೂರು ಪಟ್ಟೆ ಮೂಡಿದವು. ಯಂತ್ರದ ಗುಂಯ್‌ಗುಟ್ಟುವಿಕೆ ಕೇಳುತ್ತ ನಾನು ಅಜ್ಜನ ಕಾಲ ಬಳಿ ನಿದ್ದೆಹೋದೆ. ಅಂಥ ನಿದ್ದೆ ನನಗೆ ಮತ್ತೆ ಬಂದಿಲ್ಲ.

ಈಗ ಕರೆಂಟು ಅಷ್ಟಾಗಿ ಹೋಗುವುದಿಲ್ಲ. ಅಜ್ಜನೂ ಇಲ್ಲ, ದಾವಲಕಾಕಾನೂ ಇಲ್ಲ. ಮೊನ್ನೆ ಬ್ಯಾಟರಿ ಬದಲಿಸಲು ಬಂದವರು ಹತ್ತೇ ನಿಮಿಷದಲ್ಲಿ ತುದಿ ತಿಕ್ಕಿ, ಬಿಗಿದು ಹೋದರು. ಎಲ್ಲ ಸರಿಯಾಗಿಯೇ ಇತ್ತು. ಅವರು ಹೋದ ಮೇಲೆ ಅದೇ ಬಟ್ಟಲಿನಲ್ಲಿ ವಿಭೂತಿ ಕಲಸಿ ಕೂತೆ. ಹೊಟ್ಟೆಯ ಮೇಲೆ ಎಷ್ಟು ಸಲ ಎಳೆದರೂ ನನ್ನ ಮೂರು ಬೆರಳಿಗೆ ಅಜ್ಜನ ಪಟ್ಟೆಯ ಅಗಲ ಬರಲಿಲ್ಲ.